ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಸ್ವಿಂಗ್: ಹತ್ತು ಸಿಡಿಗಳ ಒಂದು ಬಾಕ್ಸ್ ಸೆಟ್ ಕೇಳಿ ಮುಗಿಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಜಾಝ್ ಪಂಡಿತ ಗಿಂಡಿತ ಏನಲ್ಲ, ಹಳೇ ರೆಕಾರ್ಡಿಂಗ್ ಕೇಳೋ ಚಟ ಇದೆ ಅಷ್ಟೇ, ಆ ಚಟಕ್ಕೆ ಬಿದ್ದು ಈ ಬಾಕ್ಸ್ ತಗೊಂಡೆ. 1930ರ ದಶಕದ ಅಮೆರಿಕದ ಸ್ವಿಂಗ್ ಸಂಗೀತದ (ಅಂದ್ರೆ ದೊಡ್ಡ ತಂಡ ಕಟ್ಕೊಂಡು ಜನ ಕುಣಿಯೋಕೆ ಅಂತ ನುಡಿಸ್ತಿದ್ದ ಜಾಝ್) ಸಂಗ್ರಹ, ಹತ್ತು ಸಿಡಿ, ಇನ್ನೂರು ಚಿಲ್ರೆ ಟ್ರ್ಯಾಕು, ಜೊತೆಗೊಂದು ದಪ್ಪ ಪುಸ್ತಿಕೆ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಮುಂದೆ ಒಂದಷ್ಟು ಬೈಯೋದಿದೆ, ಸುಮ್ನೆ ತಲೆನೋವು ಯಾಕೆ. ಎರಡು ತಿಂಗಳು ದಿನಾ ರಾತ್ರಿ ಊಟ ಆದ್ಮೇಲೆ ಒಂದೊಂದು ಗಂಟೆ ಕೂತು ಕೇಳಿದೀನಿ, ಕೆಲವು ಡಿಸ್ಕ್ ನಾಕೈದು ಸಲ ಆಗಿದೆ, ಮನೇಲಿ ಎಲ್ರಿಗೂ ಕ್ಲಾರಿನೆಟ್ ಅಂದ್ರೆ ಈಗ ಅಲರ್ಜಿ. ಹಾಗಾಗಿ ಮೇಲಿಂದ ಮೇಲೆ ನೋಡಿ ಬರೆದಿದ್ದು ಅನ್ಕೋಬೇಡಿ.

ಬಾಕ್ಸ್ ಹಿಂಭಾಗದಲ್ಲಿ ದಪ್ಪಕ್ಷರದಲ್ಲಿ ಒಂದು ಮಾತು ಹಾಕಿದಾರೆ, ದೇಶ ದಿವಾಳಿ ಎದ್ದಾಗ ಜನ ದುಃಖ ಮರೆಯೋಕೆ ಕುಣಿದ್ರು ಅಂತ. ಒಳಗಿನ ಪುಸ್ತಿಕೇಲೂ ಅದೇ ರಾಗ ಅದೇ ತಾಳ, ನಾನು ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕ್ದೆ, ಹನ್ನೊಂದು ಸಲ ಬಂದಿದೆ ಆ ಮಾತು. ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಹೆಚ್ಚು ಕಮ್ಮಿ ಅದನ್ನೇ ಸ್ವಲ್ಪ ಗೌರವವಾಗಿ ಹೇಳಿದ ಹಾಗೆ. ನಾನೂ ಇಷ್ಟು ದಿನ ಹಾಗೇ ಅನ್ಕೊಂಡಿದ್ದೆ. ಆದ್ರೆ ಡಿಸ್ಕ್‌ಗಳನ್ನ ಒಂದರಿಂದ ಹತ್ತರ ತನಕ ಇಸವಿ ನೋಡ್ಕೊಂಡು ಕೇಳ್ತಾ ಹೋದ್ರೆ ಈ ಲೆಕ್ಕ ತಾಳೆ ಆಗೋದೇ ಇಲ್ಲ ಕಣ್ರೀ, ಮಜಾ ಏನಂದ್ರೆ ತಾಳೆ ಆಗಲ್ಲ ಅಂತ ತೋರ್ಸಿಕೊಡೋದು ಇದೇ ಬಾಕ್ಸು. ಹಾಡು ಆರಿಸಿದವನು ಬೇರೆ, ಪುಸ್ತಿಕೆ ಬರೆದವನು ಬೇರೆ, ಇಬ್ರೂ ಒಂದು ದಿನಾನೂ ಭೇಟಿ ಆಗಿಲ್ಲ ಅಂತ ನನ್ನ ಅನುಮಾನ. ಆರಿಸಿದವನಿಗೆ ಕೈ ಮುಗೀತೀನಿ.

ಮೊದಲನೇ ಡಿಸ್ಕ್ 1929ರಿಂದ 1933ರ ತನಕ. ಅಕ್ಟೋಬರ್ 1929ರಲ್ಲಿ ನ್ಯೂಯಾರ್ಕ್ ಷೇರು ಮಾರ್ಕೆಟ್ ಬಿತ್ತಲ್ಲ, ಅಲ್ಲಿಂದ ಇಳೀತಾ ಇಳೀತಾ 1933ರ ಹೊತ್ತಿಗೆ ದುಡಿಯೋ ನಾಕು ಜನದಲ್ಲಿ ಒಬ್ರಿಗೆ ಕೆಲ್ಸ ಇಲ್ಲ. ರೆಕಾರ್ಡ್ ವ್ಯಾಪಾರ ಅಂತೂ ನೆಲ ಕಚ್ಚೋಯ್ತು, 1927ರಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ತಟ್ಟೆ ಮಾರ್ತಿದ್ದ ದೇಶ 1932ಕ್ಕೆ 60 ಲಕ್ಷದ ಆಸುಪಾಸಿಗೆ ಬಂತು. ಅದಕ್ಕೂ ಮುಂಚೆನೇ ಮಾತಾಡೋ ಸಿನಿಮಾ ಬಂದು, ಮೂಕಿ ಚಿತ್ರಕ್ಕೆ ಥಿಯೇಟರಲ್ಲಿ ಕೂತು ನುಡಿಸ್ತಿದ್ದ ಸಾವಿರಾರು ವಾದ್ಯಗಾರರ ಅನ್ನಕ್ಕೆ ಕಲ್ಲು ಬಿದ್ದಿತ್ತು. ಸಿಡ್ನಿ ಬೆಶೆ ಅಂತ ನ್ಯೂ ಆರ್ಲಿಯನ್ಸ್ ಕಡೆಯವನು, ಸೊಪ್ರಾನೊ ಸ್ಯಾಕ್ಸೊಫೋನ್ ಹಿಡಿದ್ರೆ ಮುಂದೆ ನಿಲ್ಲೋರಿರ್ಲಿಲ್ಲ, ಅಂಥವನು 1933ರಲ್ಲಿ ಟಾಮಿ ಲ್ಯಾಡ್ನಿಯರ್ ಅನ್ನೋ ಟ್ರಂಪೆಟ್ ಗೆಳೆಯನ ಜೊತೆ ಸೇರಿ ನ್ಯೂಯಾರ್ಕಿನ ಹಾರ್ಲೆಮಲ್ಲಿ ಟೈಲರ್ ಅಂಗಡಿ ಇಟ್ಟ. ಒಬ್ಬ ಇಸ್ತ್ರಿ ಪೆಟ್ಟಿಗೆ ಹಿಡಿದ, ಇನ್ನೊಬ್ಬ ಬೂಟ್ ಪಾಲಿಶ್ ಮಾಡ್ದ. ಈ ಡಿಸ್ಕಲ್ಲಿ ಅವರಿಬ್ರೂ 1932ರಲ್ಲಿ ನುಡಿಸಿದ್ದು ಒಂದೆರಡಿದೆ, ಆ ಅಬ್ಬರ ಕೇಳಿದ್ಮೇಲೆ ಮುಂದಿನ ವರ್ಷ ಇವ್ರು ಪ್ಯಾಂಟ್ ಮಡಿಕೆ ತೀಡ್ತಿದ್ರು ಅನ್ನೋದು ನಂಬೋಕೇ ಆಗಲ್ಲ.

ಈಗ ಹೇಳಿ, ಕಷ್ಟ ಮರೆಯೋಕೆ ಸ್ವಿಂಗ್ ಬೇಕಿತ್ತು ಅಂದ್ರೆ ಅತಿ ಕೆಟ್ಟ ವರ್ಷಗಳಲ್ಲೇ ಅದು ಓಡ್ಬೇಕಿತ್ತಲ್ವಾ? ಓಡ್ಲಿಲ್ಲ. ಆಗ ರೇಡಿಯೋದಲ್ಲಿ ಓಡಿದ್ದು ಗೈ ಲೊಂಬಾರ್ಡೊ ಥರದವರ ಸಕ್ಕರೆ ಪಾಕದ ಸಂಗೀತ, ಮೆತ್ತಗೆ ಜೋಗುಳ ಹಾಡಿದಂಗೆ. ಅದು ನಿಜವಾಗ್ಲೂ ಕಷ್ಟ ಮರೆಸೋ ಸಂಗೀತ. ಡ್ಯೂಕ್ ಎಲಿಂಗ್ಟನ್ ಅನ್ನೋ ಕಪ್ಪು ತಂಡದ ನಾಯಕ 1932ರಲ್ಲೇ ಹಾಡಿನ ಹೆಸರಲ್ಲೇ ಸ್ವಿಂಗ್ ಅನ್ನೋ ಪದ ತಂದು ಕೂರಿಸಿದ್ದ, ಅವನ ಹಾಗೇ ಕಪ್ಪು ಕಲಾವಿದ ಫ್ಲೆಚರ್ ಹೆಂಡರ್ಸನ್ ತಂಡ ಆ ಹೊತ್ತಿಗೆ ವರ್ಷಾನುಗಟ್ಟಲೆ ಅದೇ ಥರ ನುಡಿಸ್ತಿತ್ತು, ಸರಕು ರೆಡಿ ಇತ್ತು, ಗಿರಾಕಿಗಳಿಗೆ ತಲುಪಿಸೋ ದಾರಿ ಇರ್ಲಿಲ್ಲ. 1934ರಲ್ಲಿ ಹೆಂಡರ್ಸನ್ ತಂಡ ಮುರಿದು ಬಿತ್ತು. ಮೊದಲ ಡಿಸ್ಕಲ್ಲಿ ಹೆಂಡರ್ಸನ್, ಲೊಂಬಾರ್ಡೊ ಇಬ್ರನ್ನೂ ಪಕ್ಕ ಪಕ್ಕ ಹಾಕಿದಾರೆ ನೋಡಿ, ಅದೊಂದೇ ಸಾಕು, ಪುಸ್ತಿಕೆಯ ಹದಿನೈದು ಪುಟ ಓದೋ ಬದ್ಲು ಆ ಎರಡು ಟ್ರ್ಯಾಕ್ ಕೇಳಿ.

ಎರಡನೇ ಡಿಸ್ಕ್ ಸಾಧಾರಣ, ದಾಟ್ಕೊಂಡು ಹೋಗಿ. ಆದ್ರೆ ಅದರ ಕವರಲ್ಲಿ ಒಂದು ಸಣ್ಣ ಫೋಟೋ ಇದೆ, ಬಾರ್ ಮೂಲೇಲಿ ನಿಂತ ಜೂಕ್‌ಬಾಕ್ಸ್, ಅಂದ್ರೆ ಕಾಸು ಹಾಕಿದ್ರೆ ರೆಕಾರ್ಡ್ ನುಡಿಸೋ ಪೆಟ್ಟಿಗೆ, ಅದರ ಮುಂದೆ ಕಾಸು ಹಿಡ್ಕೊಂಡು ನಿಂತ ಒಬ್ಬ ಮನುಷ್ಯ. ನನ್ನ ಪ್ರಕಾರ ಇಡೀ ಕಥೆಯ ಬೀಗದಕೈ ಆ ಫೋಟೋದಲ್ಲಿದೆ. 1933ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಪಾನನಿಷೇಧ ರದ್ದಾಯ್ತು, ಕದ್ದು ಮುಚ್ಚಿ ಕುಡೀತಿದ್ದ ಜಾಗಗಳ ಬದ್ಲು ಬೀದಿಗೊಂದು ಬಾರ್ ತೆರೀತು, ಬಾರಿಗೆ ಸಂಗೀತ ಬೇಕು, ವಾದ್ಯದವರನ್ನ ಕರ್ಸೋಕೆ ಓನರ್ ಹತ್ರ ದುಡ್ಡಿಲ್ಲ, ಸರಿ ಜೂಕ್‌ಬಾಕ್ಸ್ ತಂದಿಟ್ಟ. 5 ಸೆಂಟ್ ಹಾಕಿದ್ರೆ ಒಂದು ಹಾಡು. ಮೂರು ಜನ ಕಾಸು ಕೂಡ್ಸಿದ್ರೆ ಹತ್ತು ನಿಮಿಷ ಇಡೀ ಬಾರ್ ಕೇಳತ್ತೆ. 1934ರಲ್ಲಿ ಜ್ಯಾಕ್ ಕ್ಯಾಪ್ ಅನ್ನೋ ಆಸಾಮಿ ಅಮೆರಿಕದಲ್ಲಿ ಡೆಕ್ಕಾ ಕಂಪನಿ ಶುರು ಮಾಡಿ, ಬೇರೆಯವ್ರು ಹೆಸರಾಂತ ಕಲಾವಿದರ ತಟ್ಟೆಯನ್ನ 75 ಸೆಂಟಿಗೆ ಮಾರ್ತಿದ್ರೆ ತಾನು 35 ಸೆಂಟಿಗೆ ಬಿಟ್ಟ. ವಿಕ್ಟರ್ ಕಂಪನಿ ಬ್ಲೂಬರ್ಡ್ ಅಂತ ಇನ್ನೊಂದು ಅಗ್ಗದ ಲೇಬಲ್ ಇಟ್ಕೊಂಡಿತ್ತು. ಇನ್ನು ರೇಡಿಯೋ, ಪೆಟ್ಟಿಗೆ ಒಂದ್ಸಲ ಕೊಂಡ್ರೆ ಮುಗೀತು, ಆಮೇಲೆ ಸಂಗೀತ ಪುಕ್ಕಟೆ, ಜಾಹೀರಾತಿನವ್ನು ದುಡ್ಡು ಕೊಡ್ತಾನೆ. ಅಂದ್ರೆ ಗಾದೇಲಿ ಹೇಳೋ ಮಲ್ಲಿಗೆ ಹೂವು ಆ ಊರಲ್ಲಿ ಹಿಟ್ಟಿಗಿಂತ ಅಗ್ಗವಾಗಿತ್ತು! ಜನ ದಡ್ಡರಲ್ಲ, ಕೈಗೆಟುಕಿದ್ದನ್ನ ಮುಡ್ಕೊಂಡ್ರು.

ಜೂಕ್‌ಬಾಕ್ಸ್ ಬಗ್ಗೆ ಇನ್ನೊಂದು ಮಾತು, ಇದು ನಂದೇ ತರ್ಕ, ತಪ್ಪಿದ್ರೆ ಬೈಕೊಳ್ಳಿ. ಮನೇಲಿ ಕೀ ಕೊಟ್ಟು ತಿರುಗಿಸೋ ಗ್ರಾಮಫೋನಲ್ಲಿ ಬೇಸ್ ಕೇಳ್ಸೋದೇ ಕಷ್ಟ, ಜೂಕ್‌ಬಾಕ್ಸಲ್ಲಿ ಆಂಪ್ಲಿಫಯರ್ ಇತ್ತು, ದೊಡ್ಡ ಸ್ಪೀಕರ್ ಇತ್ತು, ಗದ್ದಲದ ಮಧ್ಯೆನೂ ಕೇಳಬೇಕು. ಸಕ್ಕರೆ ಪಾಕದ ವಯಲಿನ್ ಅಲ್ಲಿ ಕರಗೋಗತ್ತೆ, ಹದಿನಾಕು ಜನ ಸೇರಿ ಊದಿ ಬಾರಿಸಿದ್ದು ನಿಲ್ಲತ್ತೆ.

ಮೂರನೇ ಡಿಸ್ಕ್ ಬೆನ್ನಿ ಗುಡ್‌ಮನ್. ಶಿಕಾಗೋದ ಬಡ ಯಹೂದಿ ವಲಸಿಗರ ಮನೆಯ ಹುಡುಗ, 1909ರಲ್ಲಿ ಹುಟ್ಟಿದ್ದು, ಕ್ಲಾರಿನೆಟ್ ಕಲಿತದ್ದು ಸಿನಗಾಗ್ ಅನ್ನೋ ಅವರ ಪ್ರಾರ್ಥನಾ ಮಂದಿರ ನಡೆಸ್ತಿದ್ದ ಸಂಗೀತ ಪಾಠದಲ್ಲಿ. 1934ರ ಡಿಸೆಂಬರಿಂದ ಎನ್‌ಬಿಸಿ ರೇಡಿಯೋದಲ್ಲಿ ಪ್ರತಿ ಶನಿವಾರ ರಾತ್ರಿ ಒಂದು ಡ್ಯಾನ್ಸ್ ಕಾರ್ಯಕ್ರಮ ಶುರುವಾಯ್ತು, ದುಡ್ಡು ಹಾಕಿದ್ದು ಒಂದು ಬಿಸ್ಕತ್ ಕಂಪನಿ, ಮೂರು ತಂಡ ಸರದಿ ಮೇಲೆ ನುಡಿಸೋದು, ಗುಡ್‌ಮನ್ ಸರದಿ ಕೊನೇದು. ಈ ಬಿಸ್ಕತ್ ದುಡ್ಡಲ್ಲಿ ಹೊಸ ಅರೇಂಜ್‌ಮೆಂಟ್, ಅಂದ್ರೆ ಯಾವ ವಾದ್ಯ ಎಲ್ಲಿ ಏನು ನುಡಿಸ್ಬೇಕು ಅನ್ನೋ ಹಾಳೆ, ಬರೆಸೋಕೂ ಬಜೆಟ್ ಇತ್ತು, ಅದ್ರಲ್ಲಿ ಗುಡ್‌ಮನ್, ತಂಡ ಮುರ್ಕೊಂಡು ಕೂತಿದ್ದ ಹೆಂಡರ್ಸನ್ ಹತ್ರ ಹೋಗಿ ಬರೆಸ್ಕೊಂಡ. ಸ್ಯಾಕ್ಸೊಫೋನ್ ಸಾಲು ಒಂದು ಮಾತು ಕೇಳತ್ತೆ, ಟ್ರಂಪೆಟ್ ಸಾಲು ಉತ್ತರ ಕೊಡತ್ತೆ, ನಮ್ಮಲ್ಲಿ ಭಜನೇಲಿ ಒಬ್ರು ಹೇಳಿ ಉಳಿದೋರು ಎತ್ಕೊಳ್ಳೋ ಹಾಗೆ, ಅದನ್ನ ಕಾಗದದ ಮೇಲೆ ಅಚ್ಚುಕಟ್ಟಾಗಿ ಕೂರಿಸಿದವರಲ್ಲಿ ಹೆಂಡರ್ಸನ್, ಅವನ ಜೊತೆಗಾರ ಡಾನ್ ರೆಡ್ಮನ್ ಮೊದಲಿಗರು. ಹೆಸರು ಬಂದಿದ್ದು ಗುಡ್‌ಮನ್‌ಗೆ. ಕಪ್ಪು ಜನರ ಅಡುಗೆ, ಬಿಳಿಯವನ ಬಡಿಸುವಿಕೆ. ಗುಡ್‌ಮನ್ ಅದನ್ನ ಮುಚ್ಚಿಟ್ಟವನಲ್ಲ, ಆ ಮಟ್ಟಿಗೆ ಮೆಚ್ಬೇಕು, 1939ರಲ್ಲಿ ಹೆಂಡರ್ಸನ್‌ನ ತನ್ನ ತಂಡಕ್ಕೇ ಸೇರಿಸ್ಕೊಂಡ.

ಬಿಸ್ಕತ್ ಕಂಪನೀಲಿ ಕಾರ್ಮಿಕರ ಮುಷ್ಕರ ಆಗಿ 1935ರ ಮೇನಲ್ಲಿ ಕಾರ್ಯಕ್ರಮ ನಿಂತೋಯ್ತು. ತಂಡ ಊರೂರು ಅಲ್ಕೊಂಡು ಪಶ್ಚಿಮಕ್ಕೆ ಹೊರಡ್ತು, ಡೆನ್ವರಲ್ಲಿ ಜನ ಇದೆಂಥ ಗಲಾಟೆ ಅಂತ ಮುಖ ಸಿಂಡರಿಸಿದ್ರು, ಹೆಚ್ಚು ಕಮ್ಮಿ ಮೂಟೆ ಕಟ್ಟೋ ಪರಿಸ್ಥಿತಿ. ಆಗಸ್ಟ್ 21, 1935, ಲಾಸ್ ಏಂಜಲೀಸಿನ ಪಾಲೊಮಾರ್ ಬಾಲ್‌ರೂಂ. ಹೆದರ್ಕೊಂಡು ಮೊದ್ಲು ಮೆತ್ತನೆ ಹಾಡೇ ನುಡಿಸಿದ್ರು, ಜನ ಸಪ್ಪಗಿದ್ರು. ಹೇಗಿದ್ರೂ ಮುಳುಗೋದೇ, ನಮ್ದೇ ನುಡಿಸಿ ಮುಳುಗೋಣ ಅಂತ ಹೆಂಡರ್ಸನ್ ಬರೆದ ಹಾಳೆ ತೆಗೆದ್ರು ನೋಡಿ, ಜನ ಕುಣಿಯೋದು ಬಿಟ್ಟು ವೇದಿಕೆ ಹತ್ರ ನುಗ್ಗಿ ಬಂದ್ರು. ಕಾರಣ ಬಹಳ ಸಿಂಪಲ್ಲು. ಗುಡ್‌ಮನ್ ಸರದಿ ಬರೋ ಹೊತ್ತಿಗೆ ನ್ಯೂಯಾರ್ಕಲ್ಲಿ ಮಧ್ಯರಾತ್ರಿ ದಾಟಿ ಎಲ್ರೂ ಗೊರಕೆ ಹೊಡೀತಿದ್ರು, ಕ್ಯಾಲಿಫೋರ್ನಿಯಾ ಗಡಿಯಾರ ಮೂರು ಗಂಟೆ ಹಿಂದೆ, ಅಲ್ಲಿ ಕಾಲೇಜು ಹುಡುಗ್ರು ಎಚ್ಚರ ಇದ್ದು ಆರು ತಿಂಗಳಿಂದ ಇದನ್ನೇ ಕೇಳಿ ಬಾಯಿಪಾಠ ಮಾಡಿದ್ರು. ಪುಸ್ತಿಕೇಲಿ ಇದನ್ನ ಪವಾಡ ಅಂತ ಬರೆದಿದಾರೆ. ಪವಾಡ ಅಲ್ಲ ಸ್ವಾಮಿ, ಟೈಮ್‌ಜೋನು.

ಆ ರಾತ್ರಿಯ ರೆಕಾರ್ಡಿಂಗ್ ಇಲ್ಲಿಲ್ಲ, ಅದೇ ಬೇಸಿಗೆ ಸ್ಟುಡಿಯೋದಲ್ಲಿ ನುಡಿಸಿದ್ದು ಇದೆ, ಬನ್ನಿ ಬೆರಿಗನ್ ಅನ್ನೋನ ಟ್ರಂಪೆಟ್ ಕೇಳೋಕೆ ಅಂತಾನೇ ಈ ಡಿಸ್ಕ್ ಇಟ್ಕೋಬಹುದು. ಇಲ್ಲಿ ಸೌಂಡ್ ಕೂಡ ಪರವಾಗಿಲ್ಲ.

ನಾಲ್ಕನೇದು ಕೌಂಟ್ ಬೇಸಿ. ಈ ಇಡೀ ಬಾಕ್ಸಲ್ಲಿ ನನ್ನ ಪ್ರಾಣ ಇರೋದು ಇದರಲ್ಲಿ, ಕಂಪನಿಯವರ ಮೇಲೆ ಸಿಟ್ಟು ಬಂದಿದ್ದೂ ಇದರಲ್ಲೇ. ಕ್ಯಾನ್ಸಸ್ ಸಿಟಿ ಅಂತ ಊರು, ಟಾಮ್ ಪೆಂಡರ್‌ಗಾಸ್ಟ್ ಅನ್ನೋ ರಾಜಕೀಯ ಧಣಿ ಹೇಳಿದ್ದೇ ಕಾನೂನು, ಪಾನನಿಷೇಧ ಇದ್ದಾಗ್ಲೂ ಅಲ್ಲಿ ಕ್ಲಬ್ಬುಗಳು ಬೆಳಗಿನ ಜಾವದ ತನಕ ತೆರೆದೇ ಇರ್ತಿದ್ವು. ಭ್ರಷ್ಟ ಊರು, ಆದ್ರೆ ವಾದ್ಯಗಾರನಿಗೆ ಕೆಲ್ಸ ಇದ್ದ ಊರು. (ಕೊನೆಗೆ 1939ರಲ್ಲಿ ಆದಾಯ ತೆರಿಗೆ ಕದ್ದ ಕೇಸಲ್ಲಿ ಧಣಿ ಜೈಲಿಗೆ ಹೋದ.) ಅಲ್ಲಿನ ರೆನೊ ಕ್ಲಬ್ಬಲ್ಲಿ ಬೇಸಿ ತಂಡ ನುಡಿಸೋದು ಸಣ್ಣ ರೇಡಿಯೋ ಸ್ಟೇಷನ್ನಲ್ಲಿ ಬರ್ತಿತ್ತು, 1936ರಲ್ಲಿ ಶಿಕಾಗೋದಲ್ಲಿ ಕಾರಲ್ಲಿ ಕೂತಿದ್ದ ಜಾನ್ ಹ್ಯಾಮಂಡ್, ಸಂಗೀತದ ಹುಚ್ಚಿನ ಸಿರಿವಂತರ ಮನೆ ಹುಡುಗ, ರೇಡಿಯೋ ತಿರುಗಿಸ್ತಾ ತಿರುಗಿಸ್ತಾ ಅದನ್ನ ಹಿಡ್ದ. ಅವನು ಬಂದು ಕಾಂಟ್ರಾಕ್ಟ್ ಮಾಡ್ಸೋ ಅಷ್ಟ್ರಲ್ಲಿ ಮೇಲೆ ಹೇಳಿದ 35 ಸೆಂಟಿನ ಡೆಕ್ಕಾದವ್ರು ಬಂದು ಸಹಿ ಹಾಕಿಸ್ಕೊಂಡಾಗಿತ್ತು. 24 ಹಾಡಿಗೆ 750 ಡಾಲರ್, ರಾಯಲ್ಟಿ ಸೊನ್ನೆ. ಎಷ್ಟು ಲಕ್ಷ ತಟ್ಟೆ ಮಾರಿದ್ರೂ ಬೇಸಿಗೆ ಅಷ್ಟೇ. ಆ ಮಲ್ಲಿಗೆ ಹೂವು ಯಾಕೆ ಅಗ್ಗ ಆಯ್ತು ಅಂದ್ರೆ, ಹೂ ಕಟ್ಟಿದವರಿಗೆ ಕೊಟ್ಟಿದ್ದು ಇಷ್ಟು, ಅದಕ್ಕೆ. ಪುಸ್ತಿಕೇಲಿ ಈ ಕಾಂಟ್ರಾಕ್ಟ್ ಬಗ್ಗೆ ಒಂದು ಸಾಲೂ ಇಲ್ಲ, ದುಃಖ ಮರೆಯೋಕೆ ಕುಣಿದ್ರು ಅಂತ ಮಾತ್ರ ಇದೆ.

ಜುಲೈ 1937ರ 'ಒನ್ ಓ ಕ್ಲಾಕ್ ಜಂಪ್' ತಗೊಳ್ಳಿ. ಮೂರು ನಿಮಿಷದ ತಟ್ಟೆ. ಮೊದ್ಲು ಬೇಸಿ ಪಿಯಾನೋ, ಆಮೇಲೆ ಹರ್ಷಲ್ ಇವಾನ್ಸ್ ಟೆನರ್ ಸ್ಯಾಕ್ಸ್ ದಪ್ಪ ದನಿ, ಟ್ರಾಂಬೋನ್ ಒಂದು ಸುತ್ತು, ಅದಾದ್ಮೇಲೆ ಲೆಸ್ಟರ್ ಯಂಗ್, ಅವನದೂ ಟೆನರ್ರೇ, ಆದ್ರೆ ಇವಾನ್ಸ್ ಕಂಬಳಿ ಹೊದ್ಕೊಂಡು ಬಂದ್ರೆ ಯಂಗ್ ತೆಳು ಪಂಚೆ ಉಟ್ಕೊಂಡು ಬಂದಂಗೆ, ಒಂದೇ ಸ್ವರ ಬೇರೆ ಬೇರೆ ಬೆರಳಿಟ್ಟು ಊದಿ ಆಟ ಆಡ್ತಾನೆ. ಬಕ್ ಕ್ಲೇಟನ್ ಟ್ರಂಪೆಟ್. ಆಮೇಲೆ ಎಲ್ರೂ ಬಾಯಿ ಮುಚ್ಕೊಂಡು ಬರೀ ಬೇಸ್, ಗಿಟಾರ್, ಡ್ರಮ್ಸ್, ಮಧ್ಯೆ ಮಧ್ಯೆ ಬೇಸಿ ಎರಡೇ ಎರಡು ಸ್ವರ ಉದುರಿಸ್ತಾನೆ ಅಡುಗೆಗೆ ಇಂಗು ಹಾಕಿದಂಗೆ. ಈ ಜಾಗ ಬರೋದನ್ನೇ ಕಾಯ್ತಾ ಇರ್ತೀನಿ ನಾನು. ವಾಲ್ಟರ್ ಪೇಜ್ ಬೇಸ್ ನಾಕೂ ಏಟನ್ನ ಸಮ ಸಮ ನಡೆಸ್ಕೊಂಡು ಹೋಗ್ತಾನೆ, ಅದರ ಮೇಲೆ ಜೋ ಜೋನ್ಸ್ ಹೈ ಹ್ಯಾಟ್ (ಡ್ರಮ್ಸ್ ಪಕ್ಕ ಕಾಲಲ್ಲಿ ತುಳಿದು ಮುಚ್ಚೋ ಜೋಡಿ ಸಿಂಬಲ್) ತೆರೆದು ಮುಚ್ಚಿ ತೆರೆದು ಮುಚ್ಚಿ ಉಸಿರಾಡಿಸ್ತಾನೆ, ಫ್ರೆಡ್ಡಿ ಗ್ರೀನ್ ಗಿಟಾರಿಗೆ ಕರೆಂಟೇ ಇಲ್ಲ, ಕೇಳ್ಸೋದಕ್ಕಿಂತ ಇದೆ ಅಂತ ಗೊತ್ತಾಗತ್ತೆ. ಹಳೇ ಕಾಲದ ಟೂಬಾ ಬ್ಯಾಂಜೋ ಉಂಪಾ ಉಂಪಾ ಕುಪ್ಪಳಿಸ್ತಿತ್ತು, ಇದು ಜಾರತ್ತೆ. ತಾಳ ಚತುರಶ್ರದ್ದೇ, ಆದ್ರೆ ಒಂದೊಂದು ಏಟಿನ ಒಳಗೆ ತಿಶ್ರದ ನೆರಳು ಆಡ್ತಿರತ್ತೆ, ಹಾಗಾಗೇ ಕೂತಿದ್ದವರ ಕಾಲು ಅವರನ್ನ ಕೇಳ್ದೇನೇ ಅಲ್ಲಾಡತ್ತೆ.

ಈಗ ಬೈಗುಳ. ಈ ಬಾಕ್ಸಲ್ಲಿ ಆ ಹೈ ಹ್ಯಾಟ್ ಕೇಳ್ಸಲ್ಲ! ಹಳೇ ತಟ್ಟೆಯ ಚರಚರ ಸದ್ದು ತೆಗೀತೀವಿ ಅಂತ ಹೋಗಿ ಕಂಪ್ಯೂಟರಲ್ಲಿ ಎಷ್ಟು ತಿಕ್ಕಿದಾರೆ ಅಂದ್ರೆ, ಚರಚರದ ಜೊತೆ ತಾಳದ ಉಸಿರೂ ಹೋಗಿದೆ, ಮಸಿ ಹೋಗ್ಲಿ ಅಂತ ತಿಕ್ಕಿ ತಿಕ್ಕಿ ಪಾತ್ರೆಗೇ ತೂತು. ತಟ್ಟೆ ಸದ್ದು ಎರಡು ನಿಮಿಷದಲ್ಲಿ ಕಿವಿಗೆ ಅಭ್ಯಾಸ ಆಗೋಗತ್ತೆ, ಹೋದ ಸಿಂಬಲ್ ಮತ್ತೆ ಬರಲ್ಲ. ಇಷ್ಟು ಸಾಲದು ಅಂತ ನಾಲ್ಕನೇ ಡಿಸ್ಕ್ ಪೂರ್ತಿ ಸ್ಪೀಡ್ ಜಾಸ್ತಿ. ನನ್ ಹತ್ರ ಮೊದ್ಲಿಂದ ಇದ್ದ ಬೇರೆ ಕಾಪಿ ಜೊತೆ ಹಾಕಿ ನೋಡಿದೆ, ಹಾರ್ಮೋನಿಯಂ ಇಟ್ಕೊಂಡೂ ನೋಡಿದೆ, ಶ್ರುತಿ ಸರಿಯಾಗಿ ಅರ್ಧ ಮನೆ ಮೇಲಿದೆ, ಮೂರು ನಿಮಿಷದ ಹಾಡು ಹತ್ತು ಸೆಕೆಂಡ್ ಮುಂಚೆ ಮುಗಿಯತ್ತೆ. ಲೆಸ್ಟರ್ ಯಂಗ್ ನೆಗಡಿ ಆದೋನ ಥರ ಕೇಳಿಸ್ತಾನೆ. 78 ಆರ್‌ಪಿಎಂ ಅನ್ನೋದು ಹೆಸರಿಗೆ, ಯಂತ್ರ ಯಂತ್ರಕ್ಕೂ ಹೆಚ್ಚು ಕಮ್ಮಿ ಆಗ್ತಿತ್ತು, ಪ್ರತಿ ತಟ್ಟೆನೂ ಕಿವಿಗೊಟ್ಟು ಸರಿ ಮಾಡ್ಬೇಕು, ಕಿವಿ ಇರೋ ಒಬ್ಬ ಮನುಷ್ಯ ಒಂದು ದಿನ ಕೂತಿದ್ರೆ ಆಗ್ತಿತ್ತು.

ಐದನೇ ಡಿಸ್ಕ್ ಹಾರ್ಲೆಮಿನ ಸವಾಯ್ ಬಾಲ್‌ರೂಂಗೆ ಮೀಸಲು, ಐಡಿಯಾ ಒಳ್ಳೇದು. ಲೆನಾಕ್ಸ್ ಅವೆನ್ಯೂದಲ್ಲಿ 1926ರಲ್ಲಿ ತೆರೆದ ಜಾಗ, ಒಂದು ಇಡೀ ಬ್ಲಾಕ್ ಉದ್ದ, ಎರಡು ವೇದಿಕೆ, ಒಂದು ತಂಡ ನಿಲ್ಸೋಕೂ ಇನ್ನೊಂದು ಎತ್ಕೊಳ್ಳೋಕೂ ಸರಿಹೋಗ್ಬೇಕು. ಕಪ್ಪು ಬಿಳಿ ಅನ್ದೇ ಎಲ್ರೂ ಒಂದೇ ನೆಲದ ಮೇಲೆ ಕುಣೀಬಹುದಿತ್ತು, ಅದೇ ಹಾರ್ಲೆಮಲ್ಲಿ ಎಲಿಂಗ್ಟನ್ ನುಡಿಸ್ತಿದ್ದ ಕಾಟನ್ ಕ್ಲಬ್ಬಲ್ಲಿ ನುಡಿಸೋರು ಕಪ್ಪು, ಕೂರೋರು ಬಿಳಿ ಮಾತ್ರ. ಸವಾಯ್‌ಗೆ ದೊರೆ ಅಂದ್ರೆ ಚಿಕ್ ವೆಬ್. ಬೆನ್ನುಮೂಳೆಗೆ ಕ್ಷಯ ಬಡಿದು ಎತ್ತರ ಬೆಳೀಲೇ ಇಲ್ಲ, ಗೂನು ಬೆನ್ನು, ಡ್ರಮ್ಸ್ ಹಿಂದೆ ಕೂತ್ರೆ ಮಾತ್ರ ಆನೆ. 1937ರ ಮೇ 11ಕ್ಕೆ ಗುಡ್‌ಮನ್ ತಂಡ ಇವನ ಎದುರು ಜುಗಲ್‌ಬಂದಿಗೆ ಬಂತು, ಒಳಗೆ ನಾಕು ಸಾವಿರ ಜನ, ಹೊರಗೆ ಬೀದಿ ತುಂಬ ಇನ್ನಷ್ಟು, ಸ್ವಿಂಗ್ ರಾಜ ಅಂತ ಪೇಪರಿನವರು ಕಿರೀಟ ಇಟ್ಟಿದ್ದ ಗುಡ್‌ಮನ್ ಸೋತು ಹೋದ, ಗುಡ್‌ಮನ್ ಡ್ರಮ್ಮರ್ ಜೀನ್ ಕ್ರೂಪಾನೇ ಎದ್ದು ವೆಬ್‌ಗೆ ತಲೆ ಬಾಗಿದ. ಇನ್ನು ಈ ತಂಡದ ಹಾಡುಗಾರ್ತಿ, ಅಪ್ಪ ಅಮ್ಮ ಇಲ್ದೆ ಬೀದಿಪಾಲಾಗಿದ್ದ ಹುಡುಗಿ, 1934ರ ನವೆಂಬರಲ್ಲಿ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಡ್ಯಾನ್ಸ್ ಮಾಡೋಕೆ ಅಂತ ಹೋಗಿ, ತನಗಿಂತ ಮುಂಚೆ ಕುಣಿದೋರನ್ನ ನೋಡಿ ಹೆದರಿ ಹಾಡಿಬಿಟ್ಳು, ಗೆದ್ದಳು. ಹದಿನೇಳು ವರ್ಷ. ಎಲ್ಲಾ ಫಿಟ್ಜೆರಾಲ್ಡ್. ಈ ಡಿಸ್ಕಲ್ಲಿ ಅವಳದು ಒಂಬತ್ತು ಹಾಡಿದೆ, ದನಿ ಇನ್ನೂ ಎಳಸು, ಆದ್ರೆ ತಾಳದ ಜೊತೆ ಚೌಕಾಸಿ ಮಾಡೋ ರೀತಿ ಆಗ್ಲೇ ಬಂದ್ಬಿಟ್ಟಿದೆ. ವೆಬ್ 1939ರಲ್ಲಿ ಹೋಗ್ಬಿಟ್ಟ, ಮೂವತ್ತರ ಆಸುಪಾಸು ಅಷ್ಟೇ.

ಆರನೇದು ಕಪ್ಪು ಗಾಯಕಿ ಬಿಲಿ ಹಾಲಿಡೆ, ಪಿಯಾನೋದ ಟೆಡ್ಡಿ ವಿಲ್ಸನ್ ಜೊತೆ ಹಾಡಿದ್ದು, ಕಣ್ಮುಚ್ಕೊಂಡು ಕೇಳಿ, ಹೆಚ್ಚು ಹೇಳಲ್ಲ. ಆದ್ರೆ 1938ರಲ್ಲಿ ಆರ್ಟಿ ಶಾ ಅನ್ನೋ ಬಿಳಿಯನ ತಂಡದಲ್ಲಿ ಹಾಡ್ತಿದ್ದಾಗ ನ್ಯೂಯಾರ್ಕಿನ ಒಂದು ಹೋಟೆಲ್ಲಲ್ಲಿ ಈಕೆಗೆ ಸಾಮಾನು ಸಾಗಿಸೋ ಲಿಫ್ಟಲ್ಲಿ ಬಾ ಅಂದ್ರು, ಕೆಳಗೆ ಹಾಲ್ ತುಂಬ ಜನ ಇವಳ ಹಾಡಿಗೆ ಕಾಯ್ತಿದ್ರು. ಎಲಿಂಗ್ಟನ್ ದಕ್ಷಿಣದ ಊರುಗಳಿಗೆ ಹೋಗೋವಾಗ ತಂಡಕ್ಕೆ ಅಂತಾನೇ ರೈಲು ಬೋಗಿ ಬಾಡಿಗೆ ಹಿಡೀತಿದ್ದ, ಅಲ್ಲೇ ಮಲಗೋದು ಅಲ್ಲೇ ಉಣ್ಣೋದು, ಯಾಕಂದ್ರೆ ಊರೊಳಗೆ ಯಾವ ಹೋಟೆಲ್ಲೂ ಕೋಣೆ ಕೊಡ್ತಿರ್ಲಿಲ್ಲ. ಇದ್ಯಾವುದೂ ಪುಸ್ತಿಕೇಲಿ ಇಲ್ಲ ಅಂತ ಮತ್ತೆ ಮತ್ತೆ ಹೇಳೋಕೆ ನನಗೂ ಬೇಜಾರು. ಹಾಗೇ ಮೇರಿ ಲೂ ವಿಲಿಯಮ್ಸ್, ಕ್ಯಾನ್ಸಸ್ ಸಿಟೀಲಿ ಆಂಡಿ ಕರ್ಕ್ ತಂಡದ ಪಿಯಾನೋ, ಬಹುಪಾಲು ಅರೇಂಜ್‌ಮೆಂಟ್ ಈಕೆಯದೇ, ಗುಡ್‌ಮನ್‌ಗೂ ಬರೆದುಕೊಟ್ಟಿದಾಳೆ, ಹತ್ತು ಡಿಸ್ಕಲ್ಲಿ ಎರಡೇ ಟ್ರ್ಯಾಕ್. ಎರಡಂತೆ!

ಏಳನೇ ಡಿಸ್ಕ್ 1938ರ ಜನವರಿ 16ರ ಕಾರ್ನೆಗಿ ಹಾಲ್ ಕಛೇರಿ. ಸೂಟು ಬೂಟಿನವರ ಸಿಂಫನಿ ನಡೆಯೋ ಜಾಗಕ್ಕೆ ಗುಡ್‌ಮನ್ ತಂಡ ಹೋಗಿ ಕೂತ ರಾತ್ರಿ, ಜೊತೆಗೆ ಬೇಸಿ, ಲೆಸ್ಟರ್ ಯಂಗ್, ಎಲಿಂಗ್ಟನ್ ತಂಡದ ಕೆಲವರು ಅತಿಥಿಗಳು, ಟೆಡ್ಡಿ ವಿಲ್ಸನ್ ಮತ್ತೆ ಲಯನೆಲ್ ಹ್ಯಾಂಪ್ಟನ್ ಇಬ್ರು ಕಪ್ಪು ಕಲಾವಿದರು ಗುಡ್‌ಮನ್ ಪಕ್ಕದಲ್ಲಿ. ಮೇಲೆ ನೇತು ಹಾಕಿದ ಮೈಕಲ್ಲಿ ಹಿಡಿದದ್ದು, ತಟ್ಟೆಗಳು ಹನ್ನೆರಡು ವರ್ಷ ಬೀರುವಲ್ಲಿ ಮಲಗಿದ್ವು, 1950ರಲ್ಲಿ ಹೊರಗೆ ಬಂತು. ಕೊನೇಲಿ 'ಸಿಂಗ್ ಸಿಂಗ್ ಸಿಂಗ್' ಹನ್ನೆರಡು ನಿಮಿಷ, ಕ್ರೂಪಾ ಡ್ರಮ್ಸ್ ಒಡೆದೇ ಹೋಗತ್ತೇನೋ ಅನ್ನೋ ಹೊತ್ತಿಗೆ ಗುಡ್‌ಮನ್ ಕೈ ಸನ್ನೆ ಮಾಡಿ ಪಿಯಾನೋದ ಜೆಸ್ ಸ್ಟೇಸಿಗೆ ಬಿಟ್ಕೊಡ್ತಾನೆ, ಅವನು ಆ ಗದ್ದಲದ ನಡುವೆ ದೇವಸ್ಥಾನಕ್ಕೆ ಹೋಗಿ ಕೂತಂಗೆ ಮೆಲ್ಲಗೆ ನುಡಿಸೋಕೆ ಶುರು ಮಾಡ್ತಾನೆ, ಎರಡು ನಿಮಿಷ, ಹಾಲ್ ಉಸಿರು ಹಿಡಿದಿರತ್ತೆ. ನನ್ನ ಡಿಸ್ಕ್ ಸರಿಯಾಗಿ ಆ ಜಾಗದಲ್ಲಿ ಟಕ್ ಟಕ್ ಟಕ್ ಅಂತ ಸಿಕ್ಕಾಕೊಳತ್ತೆ. ಹೊಸ ಸಿಡಿ ಮೇಲೆ ಗೀರು. ಹೇಗನ್ಸಿರ್ಬೇಡ.

ಈ ಕಛೇರಿ ಆಗಿ ಮೂರು ತಿಂಗಳಿಗೆ, 1938ರ ಏಪ್ರಿಲಲ್ಲಿ, ಸವಾನಾ ಅನ್ನೋ ಊರಲ್ಲಿ ಕಿಂಗ್ ಆಲಿವರ್ ತೀರ್ಕೊಂಡ. ಮುಂದೆ ಟ್ರಂಪೆಟಲ್ಲಿ ದೊಡ್ಡ ಹೆಸರು ಮಾಡಿದ ಲೂಯಿ ಆರ್ಮ್‌ಸ್ಟ್ರಾಂಗ್‌ನ ನ್ಯೂ ಆರ್ಲಿಯನ್ಸಿಂದ ಶಿಕಾಗೋಕ್ಕೆ ಕರೆಸ್ಕೊಂಡು ಬೆಳೆಸಿದ ಗುರು, ಹಲ್ಲು ಒಸಡು ಹಾಳಾಗಿ ಊದೋಕೆ ಆಗ್ತಿರ್ಲಿಲ್ಲ, ಕೊನೆಗೆ ಬಿಲಿಯರ್ಡ್ಸ್ ಥರದ ಆಟ ಆಡೋ ಪೂಲ್ ಹಾಲ್ ಗುಡಿಸೋ ಕೆಲ್ಸ. ಸ್ವಿಂಗ್ ಉತ್ತುಂಗದಲ್ಲಿದ್ದ ವರ್ಷ ಅದು. ಕಷ್ಟಕಾಲದಲ್ಲಿ ಸಂಗೀತ ಅರಳ್ತು ಅಂತೀವಲ್ಲ, ಸಂಗೀತ ಅರಳ್ತು ಸರಿ, ಸಂಗೀತಗಾರರೆಲ್ಲ ಅರಳಿದ್ರಾ ಅಂತ ಬೇರೆ ಕೇಳ್ಬೇಕಾಗತ್ತೆ. ಬಾಕ್ಸಲ್ಲಿ ಆಲಿವರ್‌ದು ಒಂದೂ ಇಲ್ಲ, ಸ್ವಿಂಗ್ ಅಲ್ವಲ್ಲ ಅನ್ಬಹುದು, ಆದ್ರೂ.

ಎಂಟು ಒಂಬತ್ತು ನಂಗೆ ಅಷ್ಟಕ್ಕಷ್ಟೆ. ಗ್ಲೆನ್ ಮಿಲ್ಲರ್ ಜಾಸ್ತಿ. ನುಣುಪು, ಇಸ್ತ್ರಿ ಹಾಕಿದ್ದು, ಎಲ್ರಿಗೂ ಇಷ್ಟ ಆಗೋದು, ಮನೇಲಿ ಬೇರೆಯವ್ರು ಖುಷಿಯಿಂದ ಕೇಳಿದ್ದು ಇವೆರಡೇ. ನಾನು ಬೇಸಿ ಕೇಳಿದ ಕಿವೀಲಿ ಇದನ್ನ ಕೇಳಿದ್ರೆ ಉಪ್ಪಿಲ್ಲದ ಸಾರು.

ಹತ್ತನೇದು 1942ಕ್ಕೆ ನಿಲ್ಲತ್ತೆ, ಯುದ್ಧ ಬಂತು ಸ್ವಿಂಗ್ ಹೋಯ್ತು ಅಂತ ಒಂದು ಸಾಲಲ್ಲಿ ಮುಗಿಸಿದಾರೆ. ಇದೂ ಅರ್ಧಂಬರ್ಧ. ಬಂದ ದಾರೀಲೇ ಹೋಯ್ತು ಅನ್ಬೇಕು. ತಟ್ಟೆ ಮಾಡೋಕೆ ಶೆಲ್ಯಾಕ್ ಬೇಕು, ಶೆಲ್ಯಾಕ್ ಅಂದ್ರೆ ನಮ್ಮ ಅರಗು ಕಣ್ರೀ, ಪಾಂಡವರನ್ನ ಸುಡೋಕೆ ಮನೆ ಕಟ್ಟಿದ್ರಲ್ಲ ಅದೇ, ಬಹುಪಾಲು ಭಾರತದಿಂದ್ಲೇ ಹೋಗ್ತಿತ್ತು! ಯುದ್ಧ ಶುರುವಾದ್ಮೇಲೆ ಅರಗು ಸೈನ್ಯದ ಕೆಲಸಕ್ಕೆ ಬೇಕಾಯ್ತು, ರೆಕಾರ್ಡ್ ಕಂಪನಿಗಳಿಗೆ ಕಡಿತ. 1942ರ ಆಗಸ್ಟ್ 1ರಿಂದ ವಾದ್ಯಗಾರರ ಯೂನಿಯನ್ ರೆಕಾರ್ಡಿಂಗಿಗೇ ಬರಲ್ಲ ಅಂತ ಮುಷ್ಕರ ಹೂಡ್ತು, ಜೂಕ್‌ಬಾಕ್ಸ್, ರೇಡಿಯೋ ನಮ್ಮ ತಟ್ಟೆ ಹಾಕಿ ದುಡೀತಾವೆ, ನಮ್ಮ ಕೆಲ್ಸಾನೂ ತಿಂತಾವೆ, ನಮಗೆ ಪಾಲು ಕೊಡಿ ಅಂತ. ಬೇಸಿಯ 750 ಡಾಲರ್ ನೆನಪಿದ್ಯಲ್ಲ. 1944ರಲ್ಲಿ ಸರ್ಕಾರ ಕುಣಿತ ಇರೋ ಜಾಗಗಳ ಬಿಲ್ಲಿನ ಮೇಲೆ ಶೇಕಡಾ 30 ತೆರಿಗೆ ಜಡಿದು ಆಮೇಲೆ 20ಕ್ಕೆ ಇಳಿಸ್ತು. ಹದಿನಾರು ಜನರ ತಂಡ ಸಾಕೋದು ಆನೆ ಸಾಕಿದಂಗಾಯ್ತು. ಜನರ ಕೈಲಿ ಆಗ ದುಡ್ಡಿತ್ತು ನೋಡಿ, ಕೆಲಸ ಬೇಕಾದಷ್ಟಿತ್ತು, ಆದ್ರೂ ಸ್ವಿಂಗ್ ಉಳೀಲಿಲ್ಲ. ಬರೀ ಬಡತನದಿಂದ ಬೆಳೆದಿದ್ದು, ದುಡ್ಡು ಬಂದಾಗ ಹೋಯ್ತು ಅಂತ ಪುಸ್ತಿಕೆಯವ್ನು ಹೇಳ್ಬಹುದು, ನಾನಂತೂ ಒಪ್ಪಲ್ಲ.

ತಗೋಬೇಕಾ ಬೇಡ್ವಾ ಅಂತ ಕೇಳಿದ್ರೆ, ಸ್ವಿಂಗ್ ಹೊಸಬರಾಗಿದ್ರೆ ಯಾರಾದ್ರೂ ತಗೊಂಡವರ ಹತ್ರ ಇಸ್ಕೊಂಡು ಕೇಳಿ, ಹಾಡುಗಳ ಆಯ್ಕೆಗೆ ಹತ್ತಕ್ಕೆ ಎಂಟು ಕೊಡ್ತೀನಿ, ಯಾವ ಕ್ರಮದಲ್ಲಿ ಯಾವ ಹಾಡು ಕೂತಿದೆ ಅನ್ನೋದ್ರಲ್ಲೇ ಅರ್ಧ ಚರಿತ್ರೆ ಇದೆ. ಸೌಂಡಿಗೆ ನಾಕು. ಪುಸ್ತಿಕೆಗೆ ಎರಡು, ಅದೂ ಫೋಟೋಗಳಿಗೆ. ಬೇಸಿ, ಲೆಸ್ಟರ್ ಯಂಗ್ ಹುಚ್ಚಿದ್ದವ್ರು ಬೇರೆ ಕಡೆ ಒಳ್ಳೇ ಟ್ರಾನ್ಸ್‌ಫರ್ (ಹಳೇ ತಟ್ಟೆಯಿಂದ ಸಿಡಿಗೆ ಇಳಿಸಿದ್ದು) ಹುಡುಕ್ಕೊಳ್ಳಿ, ಇಲ್ಲಿ ಬರ್ಬೇಡಿ. ಪ್ಯಾಕಿಂಗ್ ಚೆನ್ನಾಗಿದೆ, ಗಟ್ಟಿ ರಟ್ಟು, ಆದ್ರೆ ಡಿಸ್ಕ್ ಇಡೋ ಜೇಬು ಎಷ್ಟು ಬಿಗಿ ಅಂದ್ರೆ ಆ ಏಳನೇದರ ಗೀರು ಅಲ್ಲಿಂದ್ಲೇ ಆಗಿದ್ದು ಅನ್ಸತ್ತೆ.

ಬದಲಾಯಿಸಿ ಕೊಡಿ ಅಂತ ಕಂಪನಿಗೆ ಎರಡು ಸಲ ಮೇಲ್ ಹಾಕ್ದೆ, ಗೀರಿನ ಫೋಟೋ ಸಮೇತ. ಮೂರು ವಾರ ಆದ್ಮೇಲೆ ಪಾರ್ಸೆಲ್ ಬಂತು, ಖುಷಿಯಾಗಿ ಒಡೆದು ನೋಡಿದ್ರೆ ಏಳರ ಬದ್ಲು ನಾಲ್ಕನೇ ಡಿಸ್ಕ್ ಕಳಿಸಿದಾರೆ. ಈಗ ನನ್ ಹತ್ರ ನಾಲ್ಕನೇದು ಎರಡಿದೆ, ಯಾರಿಗಾದ್ರೂ ಬೇಕಿದ್ರೆ ಹೇಳಿ, ಪುಕ್ಕಟೆ ಕಳಿಸ್ತೀನಿ, ಶ್ರುತಿ ಮಾತ್ರ ಇದ್ರದ್ದೂ ಅರ್ಧ ಮನೆ ಮೇಲಿದೆ, ಹಾಕಿ ನೋಡ್ದೆ.